ವಿಶ್ರಾಮ್ ಹೇಳದ ಹದಿನೇಳು ನಿಮಿಷ

ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುವ ಜವಾಬ್ದಾರಿ ನನ್ನ ಬಲಗಾಲಿನ ಹೆಬ್ಬೆರಳಿನದು. ನಾನು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿರುತ್ತೇನೆ, ಅಡುಗೆಮನೆಯಲ್ಲಿ ಸೀಟಿಯಾಗುತ್ತದೆ, ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಎದ್ದು ಚಪ್ಪಲಿಯ ಮೇಲೆ ಟಪ್ಪೆಂದು ಬೀಳುತ್ತದೆ. ಅದು ಮೂರನೆಯ ಸಲ ಬಿದ್ದಾಗ ನಾನು ‘ಮೂರು’ ಎಂದು ಕೂಗುತ್ತೇನೆ, ನನ್ನ ಹೆಂಡತಿ ಗಿರಿಜಾ ಒಲೆ ಆರಿಸುತ್ತಾಳೆ. ಎಷ್ಟೋ ವರ್ಷಗಳಿಂದ ನಡೆದು ಬಂದಿರುವ ಈ ವ್ಯವಸ್ಥೆಯಲ್ಲಿ ಅನ್ನ ಒಮ್ಮೆಯೂ ಕೆಟ್ಟಿರಲಿಲ್ಲ. ಕೆಟ್ಟದ್ದು ಮೊನ್ನೆ, ಒಂದೇ ಒಂದು ಸಲ. ಅದಕ್ಕೆ ಕಾರಣ ಬ್ಯಾಡಗಿಯ ಒಂದು ಪಿಯಾನೋ.

ಹೆಬ್ಬೆರಳಿನ ಈ ಅತ್ಯುತ್ಸಾಹಕ್ಕೆ ಕಾರಣ ನನ್ನ ವೃತ್ತಿ. ಮೂವತ್ಮೂರು ವರ್ಷ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಸರಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಆ ಹೆಸರು ಆದೇಶಪತ್ರದಲ್ಲಷ್ಟೇ ಇತ್ತು, ಊರ ಬಾಯಲ್ಲಿ ನಾನು ಡ್ರಿಲ್ ಮಾಸ್ತರ. ನಾಲ್ಕೂ ಮುಕ್ಕಾಲಿಗೆ ಏಳುವುದು, ಐದೂ ಹತ್ತಕ್ಕೆ ವಾಯುಸಂಚಾರ, ಆರೂವರೆಗೆ ತಣ್ಣೀರ ಸ್ನಾನ, ಏಳಕ್ಕೆ ಚಹ, ಏಳೂ ಐದಕ್ಕೆ ಚಹ ತಣ್ಣಗಾಯಿತೆಂಬ ದೂರು. ಎಪ್ಪತ್ತೆರಡರ ಈ ವಯಸ್ಸಿನಲ್ಲಿಯೂ ಈ ಪಟ್ಟಿಯಲ್ಲಿ ಒಂದಂಶವನ್ನೂ ಕೈಬಿಟ್ಟಿಲ್ಲ. ಕೈಬಿಡೆಂದು ಹೇಳುವವರ ಕೊರತೆಯೇನಿಲ್ಲ. ವೈದ್ಯರು ಹೇಳಿದ್ದಾರೆ, ಮಗಳು ಹೇಳಿದ್ದಾಳೆ. ಗಿರಿಜಾಳಂತೂ ನಾನು ನಿವೃತ್ತನಾದ ದಿನ, ಕೊರಳ ಹಾರ ತೆಗೆದಿಡುವ ಮೊದಲೇ ಕೇಳಿದ್ದಳು: “ಏನ್ರಿ, ನೀವಂತೂ ರಿಟೈರ್ ಆದ್ರಿ. ನಿಮ್ಮ ಕಾಲಿಗೆ ಆರ್ಡರ್ ಇನ್ನೂ ಬಂದಿಲ್ಲೇನು?”

ಬಂದಿರಲಿಲ್ಲ. ಫ್ಯಾನಿನ ಕಿರುಗುಟ್ಟುವಿಕೆ, ಹಿಟ್ಟಿನ ಗಿರಣಿಯ ಬಡಿತ, ಸುದ್ದಿ ಓದುವವರ ಉಸಿರು, ಸತ್ಯನಾರಾಯಣ ಪೂಜೆಯ ಮಂತ್ರ, ಎಲ್ಲಕ್ಕೂ ಈ ಬೆರಳು ಒಂದು-ಎರಡು ಹಾಕುತ್ತ ಬಂದಿದೆ. ಲೋಕದಲ್ಲಿ ಎಣಿಕೆಗೆ ಸಿಗದ ಸದ್ದಿಲ್ಲವೆಂಬುದು ನನ್ನ ಹೆಬ್ಬೆರಳಿನ ಸಿದ್ಧಾಂತವಾಗಿತ್ತು. ಸಿದ್ಧಾಂತಿಗಳಿಗೆ ಒದಗುವ ಗತಿ ಅದಕ್ಕೂ ಒದಗಿತು.

ಬ್ಯಾಡಗಿಯ ಶಾಲೆಯಲ್ಲಿ ನಾನೊಂದು ವಾದ್ಯವೃಂದ ಕಟ್ಟಿದ್ದೆ. ನಾಲ್ಕು ಸಣ್ಣ ಡ್ರಮ್ಮು, ಒಂದು ದೊಡ್ಡದು, ಎರಡು ಬ್ಯೂಗಲ್ಲು. ಅವುಗಳಲ್ಲಿ ಒಂದು ಊದಿದರೆ ಮಾತ್ರ ನುಡಿಯುತ್ತಿತ್ತು, ಇನ್ನೊಂದು ಊದಿದರೂ ನುಡಿಯುತ್ತಿರಲಿಲ್ಲ. ಆ ವೃಂದದಲ್ಲಿ ಸಣ್ಣ ಡ್ರಮ್ಮು ಬಾರಿಸುತ್ತಿದ್ದವನು ಎಂಟನೆಯ ತರಗತಿಯ ಬಸವರಾಜ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯಿದ್ದ ಮನೆತನದವನು. ಅವನ ಕೈಗೆ ಕೋಲು ಕೊಡುವುದು ಸುಲಭ, ತಿರುಗಿ ಇಸಿದುಕೊಳ್ಳುವುದು ಕಷ್ಟ. ಕವಾಯತು ಮುಗಿದು, ಮಕ್ಕಳು ಮನೆ ಸೇರಿ, ಜವಾನ ಗೇಟು ಹಾಕುವ ಹೊತ್ತಿನಲ್ಲೂ ಅವನು ಮೈದಾನದಲ್ಲಿ ಬಡಿಯುತ್ತಲೇ ಇರುತ್ತಿದ್ದ. ಅವನಿಗೆ ಲೆಕ್ಕ ಕಲಿಸಿದವನು ನಾನು. ಗಣಿತದ ಲೆಕ್ಕವಲ್ಲ, ಅದರಲ್ಲಿ ಅವನು ಕೊನೆಯವರೆಗೂ ಹಿಂದೆಯೇ. ಕಾಲಿನ ಲೆಕ್ಕ, ಎಡ-ಬಲದ ಲೆಕ್ಕ.

ಮುಂದೆ ಅವನು ಹುಬ್ಬಳ್ಳಿಯ ಗೆಳೆಯರ ಜೊತೆ ಮೆಟಲ್ ಸಂಗೀತದ ತಂಡ ಸೇರಿದ. ಒಮ್ಮೆ ನನ್ನನ್ನು ಕರೆದೊಯ್ದು ಮೊದಲ ಸಾಲಿನಲ್ಲಿ ಕೂರಿಸಿದ. ತಂಡದವರೆಲ್ಲ ಕಪ್ಪು ಬನಿಯನ್ನು ತೊಟ್ಟಿದ್ದರು, ಅದರ ಮೇಲೆ ಜಾಲಿಮುಳ್ಳಿನ ಬೇಲಿಯಂತಹ ಅಕ್ಷರಗಳಲ್ಲಿ ತಂಡದ ಹೆಸರಿತ್ತು. ಎಂಟನೆಯ ತರಗತಿಯ ಕೈಬರಹವನ್ನು ಜೀವಮಾನವಿಡೀ ಓದಿದ ನನಗೂ ಆ ಹೆಸರು ಇಂದಿನವರೆಗೆ ಓದಲಾಗಿಲ್ಲ. ಹಾಡುವವನು ಹಾಡಿದನೋ, ಯಾರಾದರೂ ಅವನ ಕಾಲು ತುಳಿದರೋ ತಿಳಿಯಲಿಲ್ಲ. ಆದರೆ ಆ ಆರ್ಭಟದ ಅಡಿಯಲ್ಲಿ ಬಸವರಾಜನ ಎರಡು ಕಾಲು, ಎರಡು ಕೈ ಒಂದು ಕೂದಲೆಳೆ ತಪ್ಪದೆ ಎಣಿಕೆ ಹಾಕುತ್ತಿದ್ದವು. ಜ್ವರ ಬಂದ ಪಥಸಂಚಲನ ಅದು, ಆದರೆ ಪಥಸಂಚಲನವೇ. ನನ್ನ ಹೆಬ್ಬೆರಳು ಎರಡು ತಾಸು ಅವನ ಬೆನ್ನು ಹತ್ತಿ ಓಡಿ, ಮರುದಿನ ಬಾತುಕೊಂಡಿತು. ಆ ಬಾವನ್ನು ನಾನು ಪದಕದಂತೆ ನೋಡಿಕೊಂಡೆ. ಇವ ನನ್ನ ಹುಡುಗ ಎಂದು ಹಾವೇರಿಯಲ್ಲಿ ಸಿಕ್ಕಸಿಕ್ಕವರಿಗೆ ಹೇಳಿದೆ.

ಈಗ ಬಸವರಾಜನಿಗೆ ನಲವತ್ತು. ಹಗಲು ಬ್ಯಾಡಗಿಯಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳುತ್ತಾನೆ, ತಿಂಗಳಿಗೊಂದೆರಡು ಸಲ ತಂಡದ ಜೊತೆ ಬಡಿದು ಬರುತ್ತಾನೆ. ಕಳೆದ ವರ್ಷ ಅವನು ತಾನೊಬ್ಬನೇ ಕೂತು ಮಾಡಿದ ಸಂಗೀತವೊಂದನ್ನು ನನ್ನ ಫೋನಿಗೆ ಕಳಿಸಿದ. ಬೆಳಗಿನ ವಾಯುಸಂಚಾರದಲ್ಲಿ ಕಿವಿಗೆ ಹಿಡಿದೆ. ಮೊದಲ ನಾಲ್ಕು ನಿಮಿಷ ಒಂದು ಗುಂಯ್ ಎಂಬ ನಾದ, ಅಷ್ಟೇ. ಆಮೇಲೆ ಪಿಯಾನೋದ ಒಂದು ಸ್ವರ. ಅದು ಕರಗಿ ಕಾಣೆಯಾಗುವವರೆಗೆ ಮೌನ. ಮತ್ತೊಂದು ಸ್ವರ. ಮತ್ತೆ ಗುಂಯ್. ಹೆಬ್ಬೆರಳು ಎದ್ದು ನಿಂತಿತು, ಎಲ್ಲಿ ಬೀಳಬೇಕೆಂದು ತಿಳಿಯದೆ ಹಾಗೆಯೇ ಇಳಿಯಿತು. ಫೋನು ಕೆಟ್ಟಿದೆಯೆಂದು ತೀರ್ಮಾನಿಸಿ, ಅಂಗಡಿ ತೆರೆಯುವ ಹೊತ್ತಿಗೆ ಸರಿಯಾಗಿ ಬಸ್ ನಿಲ್ದಾಣದ ಹತ್ತಿರದ ರಿಪೇರಿಯವನ ಮುಂದೆ ನಿಂತೆ. ಅವನು ಕಿವಿಗಿಟ್ಟು ಬಹಳ ಹೊತ್ತು ಕೇಳಿದ, ತಿರುವಿ ನೋಡಿದ, ಊದಿದ, ಕೊನೆಗೆ ವಿನಯದಿಂದ ತಿರುಗಿ ಕೊಟ್ಟ. “ಸರ್, ಫೋನ್ ಚೊಲೋ ಐತ್ರಿ. ಹಾಡ ಕೆಟ್ಟೈತಿ.”

ನಾನೂ ಅದನ್ನೇ ನಂಬಿದೆನೆಂದು ಒಪ್ಪಿಕೊಳ್ಳಬೇಕು. ಹೀಗಾಗಿ ಬಸವರಾಜನ ತಾಯಿ ನೀಲವ್ವ ಫೋನು ಮಾಡಿ, ಬಂದು ಮಗನಿಗೆ ನಾಲ್ಕು ಮಾತು ಹೇಳಬೇಕೆಂದಾಗ ಎರಡನೆಯ ಮಾತಿಲ್ಲದೆ ಒಪ್ಪಿದೆ. ಅವರ ದುಃಖ ನೇರವಾಗಿತ್ತು: “ಮೊದಲ ಬಡದು ಬಡದು ಮನಿ ಹಂಚು ಹಾರಸ್ತಿದ್ನರಿ, ತಡಕೊಂಡ್ವಿ. ಮಂದಿಯರ ಬರ್ತಿದ್ರು. ಈಗ ಪಿಯಾನೋದ್ದು ಒಂದು ಮನಿ ಒತ್ತತಾನ, ಸುಮ್ಮನ ಕುಂದರತಾನ. ಮತ್ತೊಂದು ಒತ್ತತಾನ, ಸುಮ್ಮನ ಕುಂದರತಾನ. ಮಾರ್ಕೆಟ್ಟಿನ ಮಂದಿ ನಗಾಕತ್ಯಾರ. ನೀವು ಬಿಡು ಅಂದ್ರ ಬಿಡತಾನ್ರಿ, ಬ್ಯಾರೆ ಯಾರ ಮಾತೂ ಕೇಳಂಗಿಲ್ಲ.” ಪಿಯಾನೋ ಕೊಟ್ಟವರು ಅದನ್ನು ಮರಳಿ ಒಯ್ಯಲು ಸಿದ್ಧರಿದ್ದರಂತೆ. ನನ್ನ ಒಂದು ಮಾತು ಬಾಕಿ.

ನನ್ನ ವಾಯುಸಂಚಾರದ ಜೊತೆಗಾರ, ನಿವೃತ್ತ ಗಣಿತ ಶಿಕ್ಷಕ ಹಿರೇಮಠರು, ಇದು ಪುಣ್ಯದ ಕೆಲಸವೆಂದು ಹರಸಿ ಕಳಿಸಿದರು.

ಬ್ಯಾಡಗಿಗೆ ಬಸ್ಸಿಳಿದವನಿಗೆ ಊರು ಮೊದಲು ಮೂಗಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ನಾನು ಅಲ್ಲಿದ್ದ ಒಂಬತ್ತು ವರ್ಷಗಳಲ್ಲಿ ನನ್ನ ಮೂಗಿಗೂ ಶಿಸ್ತು ಕಲಿಸಿದ್ದೆ. ಮಾರುಕಟ್ಟೆಯ ಹಂಗಾಮಿನಲ್ಲಿ ಊರೇ ಸೀನುವಾಗ ನಾನೊಬ್ಬ ಸೀನುತ್ತಿರಲಿಲ್ಲ. ಆ ಹೆಮ್ಮೆಯಲ್ಲಿಯೇ ಬಸವರಾಜನ ಅಂಗಡಿಯ ಮೇಲಿನ ಕೋಣೆಯ ಮೆಟ್ಟಿಲು ಹತ್ತಿದೆ. ಕಿಟಕಿಯ ಬದಿಗೆ ಪಿಯಾನೋ ನಿಂತಿತ್ತು, ಯಾವುದೋ ಹಳೆಯ ಶಾಲೆಯ ಪ್ರಾರ್ಥನಾ ಮಂದಿರದಿಂದ ಬಂದದ್ದು, ವಯಸ್ಸಿನಲ್ಲಿ ನನಗೂ ಹಿರಿಯದು. ಮೂಲೆಯಲ್ಲಿ ಅವನ ಡ್ರಮ್ಮುಗಳ ಮೇಲೆ ಚಾದರ ಹೊದಿಸಿತ್ತು. ಅದನ್ನು ಕಂಡು ನನಗೆ ಸಂಕಟವಾಯಿತು, ಹೆಣದ ಮೇಲೆ ಹೊದಿಸಿದ ಹಾಗೆ.

“ಬರ್ರಿ ಸರ್, ಕುಂದ್ರಿ” ಎಂದು ಬಸವರಾಜ ಕುರ್ಚಿ ಒರೆಸಿದ. ನಾನು ಬಂದದ್ದು ಯಾಕೆಂಬುದು ಅವನಿಗೆ ಗೊತ್ತಿತ್ತು. ನನಗೆ ಹೇಳುವ ಕಷ್ಟವನ್ನೂ ಕೊಡದೆ ತಾನೇ ಹೇಳಿದ: “ಕೈಯಾಗ ಕೋಲು ಕೊಟ್ಟಾವ್ರು ನೀವ. ಕೆಳಗ ಇಡು ಅಂದ್ರ ಇಡತೀನ್ರಿ. ಆದ್ರ ಒಮ್ಮೆ ಪೂರಾ ಕೇಳ್ರಿ.”

ನ್ಯಾಯವಾದ ಬೇಡಿಕೆ. ಕೈಗಡಿಯಾರ ನೋಡಿಕೊಂಡು, ಕೈಕಟ್ಟಿ ಕೂತೆ. ಧ್ವನಿಮುದ್ರಣದ ಯಂತ್ರದಿಂದ ಮೊದಲು ಆ ಗುಂಯ್ ನಾದ ಎದ್ದಿತು; ಅದು ಊರಂಚಿನ ಕೋಲ್ಡ್ ಸ್ಟೋರೇಜಿನ ಯಂತ್ರದ ಸದ್ದನ್ನು ಹಿಡಿದು ಎಳೆದು ಹಿಂಜಿದ್ದೆಂದು ಆಗ ತಿಳಿಯಿತು. ಬಸವರಾಜ ಬೆರಳಿಟ್ಟು ಒಂದು ಸ್ವರ ನುಡಿಸಿದ. ಪಿಯಾನೋದ ಒಡಲಿನಿಂದ ಸ್ವರದ ಜೊತೆಗೆ ತೆಳ್ಳನೆಯ ಕೆಂಪು ಹುಡಿಯೂ ಎದ್ದು, ಕಿಟಕಿಯ ಬಿಸಿಲಿನಲ್ಲಿ ತೇಲಿತು. ನಾನು ಸೀನಿದೆ. ಇನ್ನೊಂದು ಸ್ವರ, ಇನ್ನೊಂದು ಸೀನು. ಒಟ್ಟು ಏಳು ಸೀನಿದೆನೆಂದು ಹೆಬ್ಬೆರಳು ಎಣಿಸಿತು.

ನಡೆದದ್ದು ಇಷ್ಟು. ಪಿಯಾನೋವನ್ನು ಟೆಂಪೋದಲ್ಲಿ ತರುವಾಗ ಗೀರು ಬೀಳದಿರಲೆಂದು ಅಂಗಡಿಯ ಹಮಾಲರು ಅದಕ್ಕೆ ಮೈತುಂಬ ಗೋಣಿಚೀಲ ಸುತ್ತಿದ್ದರು. ಬ್ಯಾಡಗಿಯಲ್ಲಿ ಏನನ್ನಾದರೂ ಜೋಪಾನ ಮಾಡುವುದೆಂದರೆ ಚೀಲ ಸುತ್ತುವುದು. ಚೀಲವೆಂದರೆ ಮೆಣಸಿನಕಾಯಿಯ ಚೀಲ. ನಲವತ್ತು ಮೈಲಿ ಕುಲುಕಿ ಬಂದ ದಾರಿಯಲ್ಲಿ, ಪ್ರಾರ್ಥನೆಗಳನ್ನಷ್ಟೇ ಕಂಡಿದ್ದ ಆ ವಾದ್ಯದ ಒಳಗಿನ ಉಣ್ಣೆಯ ಸುತ್ತಿಗೆಗಳೆಲ್ಲ ಖಾರದ ಹುಡಿ ಕುಡಿದಿದ್ದವು. ಎಷ್ಟು ಒರೆಸಿದರೂ ಹೋಗದು. ನಾನು ಸೀನಿದಾಗಲೆಲ್ಲ ಬಸವರಾಜ ಕೈತಡೆದು ಕಾದ. ಸೀನಿನ ಪ್ರತಿಧ್ವನಿ ಅಡಗಿದ ಮೇಲೆಯೇ ಮುಂದಿನ ಸ್ವರವಿಟ್ಟ. ಅವನಿಗೆ ನನ್ನ ಸೀನೂ ಸಂಗೀತದೊಳಗೇ ಬಂದ ಅತಿಥಿ.

ನನಗೆ ಸಿಟ್ಟು ಬಂದಿತ್ತು. ಎಣಿಕೆಯೆಲ್ಲಿ, ಲಯವೆಲ್ಲಿ, ನಾನು ಕಲಿಸಿದ ಒಂದು-ಎರಡನ್ನು ಯಾವ ಚರಂಡಿಗೆ ಚೆಲ್ಲಿದೆ ಎಂದು ಕೇಳಿದೆ. ಅವನು ನಿಧಾನಕ್ಕೆ ಹೇಳಿದ: “ಇದೂ ನೀವು ಕಲಿಸಿದ್ದರೀ. ಒಂದಿನ ಸಾವಧಾನ್ ಅಂದು ಹೋಗಿಬಿಟ್ರಿ, ವಿಶ್ರಾಮ್ ಅನ್ನೂದು ಮರತ್ರಿ. ನೆನಪೈತೇನ್ರಿ?”

ನೆನಪಿರಲಿಲ್ಲವೇ! ಮೂವತ್ಮೂರು ವರ್ಷದ ನನ್ನ ಸೇವೆಯಲ್ಲಿ ಒಂದೇ ಒಂದು ಮೆಮೊ ಬಂದಿದೆ, ಅದು ಆ ದಿನದ್ದು. ಸ್ವಾತಂತ್ರ್ಯ ದಿನದ ಹಿಂದಿನ ದಿನ ಮೈದಾನದಲ್ಲಿ ತಾಲೀಮು. ಇಡೀ ಶಾಲೆಗೆ ‘ಸಾವಧಾನ್’ ಕೊಟ್ಟಿದ್ದೆ. ಮುಖ್ಯ ಗುರುಗಳು ಕರೆದರೆಂದು ಒಳಗೆ ಹೋದೆ. ಮುಖ್ಯ ಅತಿಥಿಗಳ ವಿಷಯ, ಪೇಡೆಯ ವಿಷಯ, ನಡುವೆ ಒಂದು ಕಪ್ ಚಹ. ಹೊರಗೆ ಬಂದಾಗ ಮಕ್ಕಳೆಲ್ಲ ಹಿಮ್ಮಡಿ ಕೂಡಿಸಿ, ಕೈ ಬಿಗಿಹಿಡಿದು, ಬಿಸಿಲಿನಲ್ಲಿ ಕಂಬಗಳಂತೆ ನಿಂತೇ ಇದ್ದರು. ನನ್ನ ಶಿಸ್ತು ಅಷ್ಟು ಪರಿಪೂರ್ಣವಾಗಿತ್ತು. ಒಬ್ಬ ಹುಡುಗಿ ಮಾತ್ರ ತಲೆತಿರುಗಿ ಬಿದ್ದಿದ್ದಳು, ಅವಳ ಅಕ್ಕಪಕ್ಕದವರು ಎತ್ತಲಿಕ್ಕೂ ಅಲುಗಾಡಿರಲಿಲ್ಲ. ಅವಳು ಸಂಜೆಗೆ ಚೇತರಿಸಿಕೊಂಡಳು, ನಾನು ಈವರೆಗೆ ಚೇತರಿಸಿಕೊಂಡಿಲ್ಲ. ಆ ಮೆಮೊ ನನ್ನ ಟ್ರಂಕಿನ ತಳದಲ್ಲಿದೆ, ಗಿರಿಜಾಳಿಗೂ ತೋರಿಸಿಲ್ಲ. ಅಂಥದ್ದನ್ನು ಈ ಹುಡುಗ ಸಲೀಸಾಗಿ ಎತ್ತಿ ಪಿಯಾನೋದ ಮೇಲಿಟ್ಟಿದ್ದ.

“ಹದಿನೈದು ನಿಮಿಷ” ಎಂದೆ. ಮೆಮೊದಲ್ಲಿ ಹಾಗಿತ್ತು.

“ಹದಿನೇಳ್ರಿ ಸರ್. ಶಾಲಿ ಗಡಿಯಾರ ನನ್ನ ಎದರಿಗೇ ಇತ್ತು. ಕೊರಳಾಗ ಡ್ರಮ್, ಕೈಯಾಗ ಕೋಲು, ಬಾರಸೂ ಹಂಗಿಲ್ಲ. ಅವತ್ತ ಮೊದಲನೇ ಸಲ ನನಗ ಕೇಳಾಕ ಬಂತು. ಧ್ವಜದ ಹಗ್ಗ ಕಂಬಕ್ಕ ಬಡಿಯೂದು, ದೂರದಾಗ ಗಾಡಿ ಹೋಗೂದು, ಬಾಜೂದಾಂವನ ಹೊಟ್ಟಿ ಗುರುಗುಟ್ಟೂದು. ಇಷ್ಟು ವರ್ಷ ಬಡದು ಬಡದು ನಾ ಹುಡಕಿದ್ದು ಆ ಹದಿನೇಳು ನಿಮಿಷನರಿ.”

ಇನ್ನೊಮ್ಮೆ ನುಡಿಸೆಂದೆ. ಈ ಸಲ ಎಣಿಸಲು ಹೋಗದೆ ಕೇಳಿದೆ, ಅಂದರೆ ಹಾಗೆ ಕೇಳಲು ಪ್ರಯತ್ನಿಸಿದೆ. ಎರಡು ಸ್ವರಗಳ ನಡುವೆ ಕೆಳಗಿನ ಅಂಗಡಿಯ ಮಾತು, ಹಮಾಲನ ಏದುಸಿರು, ತಗಡಿನ ಮೇಲೆ ಪಾರಿವಾಳದ ಉಗುರು, ಎಲ್ಲವೂ ಬಂದು ಕೂತವು. ಕೆಲವು ಕಡೆ ಬೇಸರವೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಮೈದಾನ ಮರಳಿ ಬಂತು, ನಾನು ಒಳಗೆ ಚಹ ಕುಡಿಯುತ್ತಿದ್ದಾಗ ಹೊರಗೆ ಏನಿತ್ತೆಂದು ಮೊದಲ ಬಾರಿಗೆ ಕಂಡಿತು. ಮೆಮೊ ಸರಿಯಾದದ್ದೇ, ಅದನ್ನು ಯಾವ ಸಂಗೀತವೂ ರದ್ದು ಮಾಡಲಾರದು. ಆದರೆ ಅದರ ಬೆನ್ನಿಗೂ ಒಂದು ಪುಟವಿತ್ತು, ಅದನ್ನು ನಾನು ತಿರುಗಿಸಿ ನೋಡಿರಲಿಲ್ಲ.

ಕೆಳಗಿಳಿದು ಬಂದಾಗ ನೀಲವ್ವ ಚಹ ಹಿಡಿದು ಕಾಯುತ್ತಿದ್ದರು. ಬಿಡು ಎನ್ನಲಿಲ್ಲ ಎಂದೆ. ಅವರ ಮುಖ ನೋಡಿ, ಅವರಿಗೆ ತಿಳಿಯುವ ಭಾಷೆಯಲ್ಲಿ ವಾದ ಹೂಡಿದೆ: ಬ್ಯಾಡಗಿ ಕಾಯಿಗೆ ಹೆಸರು ಬಂದದ್ದು ಖಾರಕ್ಕಲ್ಲ, ಬಣ್ಣಕ್ಕೆ. ಖಾರ ಸಾಲದೆಂದು ಯಾರಾದರೂ ನಿಮ್ಮ ಚೀಲ ತಿರುಗಿ ಕಳಿಸಿದ್ದಾರೆಯೇ? ಮಗ ಇಷ್ಟು ದಿನ ಖಾರ ಮಾಡಿದ, ಈಗ ಬಣ್ಣ ಮಾಡುತ್ತಿದ್ದಾನೆ. ಈ ಉಪಮೆಯ ಬಗ್ಗೆ ನನಗೆ ಬಹಳ ಅಭಿಮಾನವಿತ್ತು. ನೀಲವ್ವ ಚಹದ ಲೋಟ ಕೆಳಗಿಟ್ಟು, “ಬಣ್ಣ ಕಣ್ಣಿಗೆ ಕಾಣಿಸ್ತೈತ್ರಿ ಸರ್. ಇವಂದು ಏನೂ ಕಾಣಸವಲ್ದು” ಎಂದರು. ನಲವತ್ತು ವರ್ಷ ಮಾರುಕಟ್ಟೆ ಕಂಡ ಹೆಂಗಸಿನ ಎದುರು ಉಪಮೆ ಮಾಡಬಾರದು.

ಕೊನೆಗೆ ಒಂದು ಒಪ್ಪಂದವಾಯಿತು. ನಾನು ಹಿಂದೆ ಕೆಲಸ ಮಾಡಿದ್ದ ರಾಣೆಬೆನ್ನೂರಿನ ಶಾಲೆಯ ಸಭಾಭವನದಲ್ಲಿ ಬಸವರಾಜ ಒಮ್ಮೆ ಇದನ್ನು ಜನರ ಮುಂದೆ ನುಡಿಸಬೇಕು. ಜನ ನಡುವೆ ಎದ್ದುಹೋದರೆ ಪಿಯಾನೋ ವಾಪಸ್. ಮುಗಿಯುವವರೆಗೆ ಉಳಿದರೆ ಮನೆಯಲ್ಲಿ ಯಾರೂ ಮತ್ತೆ ಅದರ ಮಾತೆತ್ತಬಾರದು. ಬಸವರಾಜ ತಲೆಯಾಡಿಸಿದ. ಷರತ್ತು ಹಾಕಿದವನು ನಾನೇ, ಆದ್ದರಿಂದ ನಿದ್ದೆ ಕೆಟ್ಟದ್ದೂ ನನ್ನದೇ.

ಹಾವೇರಿಗೆ ಬಂದಾಗ ಹಿರೇಮಠರು ನಕ್ಕು ನಕ್ಕು ಸುಸ್ತಾದರು. ಎಪ್ಪತ್ತೆರಡಕ್ಕೆ ಬುದ್ಧಿ ಸಡಿಲವಾಗುವುದು ಸಹಜವೆಂದರು. ಆಗ ನಾನು ಅವರಿಗೆ ಹೇಳಿದ್ದನ್ನು ಓದುಗರೇ, ನಿಮಗೂ ಹೇಳುತ್ತೇನೆ. ನಮ್ಮ ಊರುಗಳಲ್ಲಿ ಮೆರವಣಿಗೆಯ ಧ್ವನಿವರ್ಧಕ ಎದೆಯ ಎಲುಬು ನಡುಗಿಸಿದರೂ ಯಾರೂ ಕಾರಣ ಕೇಳುವುದಿಲ್ಲ. ಮದುವೆಯಲ್ಲಿ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿ, ಚಲೋ ಊಟವೆಂದು ಹೇಳಿ ಬರುತ್ತೇವೆ. ಅದೆಲ್ಲ ಸರಿ. ಒಬ್ಬ ಮನುಷ್ಯ ಎರಡು ಸ್ವರಗಳ ನಡುವೆ ನಾಲ್ಕು ಉಸಿರಿನಷ್ಟು ಸುಮ್ಮನಿದ್ದರೆ ಮಾತ್ರ ಅವನಿಗೆ ಏನಾಯಿತೆಂದು ತಾಯಿ ಅಳಬೇಕು, ಮಾರುಕಟ್ಟೆ ನಗಬೇಕು, ಮಾಸ್ತರನನ್ನು ಬಸ್ಸಿನಲ್ಲಿ ಕರೆಸಬೇಕು! ಸದ್ದಿಗೆ ಪರವಾನಗಿ ಬೇಡ, ಸುಮ್ಮನಿರುವುದಕ್ಕೆ ಬೇಕು. ನಾನು ಒಪ್ಪುವುದಿಲ್ಲ. ನನ್ನ ಬುದ್ಧಿ ಸಡಿಲವಾಗಿದ್ದರೆ ಆಗಲಿ, ಬಹಳ ಬಿಗಿಯಾಗಿತ್ತು.

ನಿಗದಿಯಾದ ದಿನ ಸಂಜೆ ಐದಕ್ಕೆ ಕಾರ್ಯಕ್ರಮ. ನಾನು ನಾಲ್ಕೂವರೆಗೆ ಹೋಗಿ ಮೊದಲ ಸಾಲಿನಲ್ಲಿ ಕೂತೆ, ಒಂದು ಕಡೆ ಗಿರಿಜಾ, ಇನ್ನೊಂದು ಕಡೆ ನಗಲೆಂದೇ ಬಂದ ಹಿರೇಮಠರು, ಅವರಾಚೆ ನೀಲವ್ವ. ಭವನ ಮುಕ್ಕಾಲು ತುಂಬಿತ್ತು. ಬೀಜದ ಕಂಪನಿಯ ಏಜೆಂಟರು, ಬ್ಯಾಂಕಿನವರು, ಆಟೋದವರು, ಬಹುಪಾಲು ನನ್ನ ಹಳೆಯ ಹುಡುಗರು, ಈಗ ಹೊಟ್ಟೆ ಬಂದವರು. ಬಸವರಾಜನ ಡ್ರಮ್ಮು ಕೇಳಲು ಬಂದಿದ್ದೇವೆಂದು ಅವರ ಮಾತಿನಲ್ಲೇ ತಿಳಿಯುತ್ತಿತ್ತು. ಪಿಯಾನೋಗೆ ಈ ಸಲ ಹಾಸಿಗೆ ಸುತ್ತಬೇಕೆಂದು ನಾನು ಎರಡು ಸಲ ಹೇಳಿ ಕಳಿಸಿದ್ದೆ. ಹಮಾಲರು ಹಾಸಿಗೆಯನ್ನೇನೋ ಸುತ್ತಿದ್ದರು. ಹಾಸಿಗೆ ಹರಿಯಬಾರದೆಂದು ಅದರ ಮೇಲೆ ಚೀಲ ಸುತ್ತಿದ್ದರು.

ಮೊದಲ ಸ್ವರಕ್ಕೆ ಗಿರಿಜಾ ಸೀನಿದಳು. ಎರಡನೆಯದಕ್ಕೆ ಹಿರೇಮಠರು. ಸೀನು ಸಾಲಿನಿಂದ ಸಾಲಿಗೆ ಹಬ್ಬಿತು, ಅದರ ಬೆನ್ನಿಗೇ ನಗೆ. ಹಿಂದಿನಿಂದ ಯಾರೋ, “ಬಸಣ್ಣ, ಸಾಕು ಮಾಡೋ, ಡ್ರಮ್ ಬಾರಸೋ ಮಾರಾಯ” ಎಂದ. ಕುರ್ಚಿಗಳು ಸರಿದವು. ಹತ್ತಿಪ್ಪತ್ತು ಜನ ಬಾಗಿಲಿನ ಕಡೆ ಹೊರಟರು. ಬಸವರಾಜನ ಕೈ ನಿಂತಿತು. ಅವನು ಜನರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಹದಿಮೂರರ ವಯಸ್ಸಿನಲ್ಲಿ, ಕೊರಳಲ್ಲಿ ಡ್ರಮ್ಮು ತೂಗಿಸಿಕೊಂಡು, ಅಪ್ಪಣೆಗೆ ಕಾಯುತ್ತ ನೋಡುತ್ತಿದ್ದನಲ್ಲ, ಹಾಗೆ.

ನಾನು ಎದ್ದು ಜನರ ಕಡೆ ತಿರುಗಿ ನಿಂತೆ. ಹನ್ನೆರಡು ವರ್ಷದಿಂದ ಬಳಸದ ಕಂಠ, ಹೊರಡುತ್ತದೋ ಇಲ್ಲವೋ ಎಂಬ ಅನುಮಾನವಿತ್ತು.

“ಸಾವಧಾನ್!”

ಕಂಠ ಹೊರಟಿತು. ಭವನದ ತುಂಬ ಹಿಮ್ಮಡಿಗಳು ಕೂಡಿದ ಸದ್ದು ಒಂದೇ ಏಟಿಗೆ ಕೇಳಿತು. ಬಾಗಿಲಿನ ಹತ್ತಿರವಿದ್ದವರು ಅಲ್ಲಿಯೇ ನೆಟ್ಟಗಾದರು, ಬೀಜದ ಏಜೆಂಟರು ಹೊಟ್ಟೆ ಒಳಗೆಳೆದುಕೊಂಡರು, ನನ್ನ ಶಾಲೆಯ ಮೆಟ್ಟಿಲನ್ನೇ ಹತ್ತದ ನೀಲವ್ವನೂ ಎದ್ದು ಕೈ ಕೆಳಗೆ ಬಿಟ್ಟು ನಿಂತರು. ಅಂದು ಮೈದಾನದಲ್ಲಿ ಹೇಳದೆ ಉಳಿದಿದ್ದ ಮಾತೊಂದನ್ನು ಈಗ ಸೇರಿಸಿದೆ: “ದಣಿದಾವ್ರು ಕುಂದರಬಹುದು. ಹೋಗಾವ್ರು ಹೋಗಬಹುದು. ಮಾತಾಡಂಗಿಲ್ಲ.” ಹೇಳಿ, ತಿರುಗಿ, ನನ್ನ ಕುರ್ಚಿಯಲ್ಲಿ ಕೂತುಬಿಟ್ಟೆ.

ಫ್ಯಾನು ತಿರುಗುತ್ತಿತ್ತು. ಹೊರಗೆ ಬಸ್ಸೊಂದು ಹಾರನ್ನು ಹಾಕಿ ದೂರವಾಯಿತು. ಯಾರೋ ಸೀನನ್ನು ಅರ್ಧಕ್ಕೆ ನುಂಗಿದರು. ಆ ನಿಶ್ಶಬ್ದದ ಅಂಚಿನಲ್ಲಿ ಬಸವರಾಜ ಒಂದು ಬೆರಳಿಟ್ಟ. ಸ್ವರ ಎದ್ದು, ನಿಂತವರ ನಡುವೆ ದಾರಿ ಮಾಡಿಕೊಂಡು, ಹಿಂದಿನ ಗೋಡೆಯವರೆಗೆ ಹೋಗಿ ಕರಗಿದ್ದನ್ನು ನಾನು ಕೇಳಿದೆ. ನಿಮಿಷಗಳು ಕಳೆದಂತೆ ಒಬ್ಬೊಬ್ಬರೇ ತಾವಾಗಿ ಕೂತರು, ಕೆಲವರು ಗೋಡೆಗೆ ಒರಗಿದರು, ಬಾಗಿಲು ತೆರೆದೇ ಇತ್ತು. ಮೂವರು ಹೋದರು; ಅವರಲ್ಲೊಬ್ಬ ಬೀಡಿ ಸೇದಿ ಮರಳಿ ಬಂದ. ಕೊನೆಯ ಸ್ವರ ಅಡಗಿದ ಮೇಲೆಯೂ ಯಾರಿಗೂ ಮುಗಿಯಿತೆಂದು ತಿಳಿಯಲಿಲ್ಲ, ಬಸವರಾಜ ಎದ್ದು ಕೈಮುಗಿದಾಗಲೇ ತಿಳಿದದ್ದು.

ಇದು ಮೋಸವೆಂದು ನೀಲವ್ವ ಮೆಟ್ಟಿಲ ಮೇಲೆಯೇ ನನ್ನನ್ನು ಹಿಡಿದರು. ಜನರನ್ನು ಹೇಗೆ ಉಳಿಸಿಕೊಳ್ಳಬೇಕೆಂದು ಒಪ್ಪಂದದಲ್ಲಿ ಇರಲಿಲ್ಲವೆಂದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು: “ಇರಲಿ ಬಿಡ್ರಿ. ಮುಂದಿನ ಸಲ ಚೀಲ ನಾ ಜಾಡಿಸಿ ಕೊಡತೀನಿ.” ಪಿಯಾನೋ ಬ್ಯಾಡಗಿಗೆ ಮರಳಿತು, ಅದೇ ಚೀಲಗಳಲ್ಲಿ.

ಮೆಮೊವನ್ನು ಆ ರಾತ್ರಿ ಗಿರಿಜಾಳಿಗೆ ತೋರಿಸಿದೆ. ಓದಿ ಮಡಿಸಿಟ್ಟಳು. ಮರುದಿನ ನಾಲ್ಕೂ ಮುಕ್ಕಾಲಿಗೆ ಎದ್ದೆ, ಐದೂ ಹತ್ತಕ್ಕೆ ನಡೆದೆ. ಹಿರೇಮಠರು ಸಂಗೀತದ ಸುದ್ದಿ ಎತ್ತದೆ, ವಿಶ್ರಾಮ್ ಹೇಳುವುದನ್ನು ಮತ್ತೆ ಮರೆತಿರಲ್ಲ ಎಂದಷ್ಟೇ ಚುಚ್ಚಿದರು. ಈ ಸಲ ಮರೆತದ್ದಲ್ಲ, ಕೂರುವುದನ್ನು ಅವರಿಗೇ ಬಿಟ್ಟಿದ್ದೆ ಎಂದೆ.

ಮನೆಗೆ ಬಂದು ಪತ್ರಿಕೆ ಹಿಡಿದು ಕೂತೆ. ಅಡುಗೆಮನೆಯಲ್ಲಿ ಸೀಟಿಯಾಯಿತು. ಹೆಬ್ಬೆರಳು ಎದ್ದಿತು, ಎದ್ದು ಅಲ್ಲಿಯೇ ನಿಂತಿತು. ಆ ಸೀಟಿ ಹಿತ್ತಲ ಬಾಗಿಲು ದಾಟಿ, ಪಕ್ಕದ ಮನೆಯ ಬೇವಿನಮರದ ಕಡೆಗೆ ಹೋಗಿ ಅಡಗುವುದನ್ನು ಕೇಳುತ್ತ ಕೂತೆ. ಎಷ್ಟಾದವೋ ಗೊತ್ತಿಲ್ಲ. “ಏನ್ರಿ, ಎಷ್ಟಾತು?” ಎಂದು ಒಳಗಿನಿಂದ ಕೂಗು ಬಂತು. ಎಣಿಸಲಿಲ್ಲ ಎಂದೆ.

ಅನ್ನ ಮೆತ್ತಗಾಗಿ ಮುದ್ದೆಯಾಗಿತ್ತು. ನಾನು ಬೆನ್ನು ನೆಟ್ಟಗಿಟ್ಟುಕೊಂಡು, ಎರಡನೆಯ ಸಲವೂ ಬಡಿಸಿಕೊಂಡು ಉಂಡೆ.